ದೊಡ್ಡ ಕುಷನ್ ಕೊಡುತ್ತಿದ್ದ ಮಿಸ್ ಕಾಲ್

ಆ ಬೀದಿಯಲ್ಲಿ ಸೋಫಾ, ಕುರ್ಚಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಇಬ್ಬರನ್ನು ಜನ ದೊಡ್ಡ ಕುಷನ್, ಚಿಕ್ಕ ಕುಷನ್ ಎಂದು ಕರೆಯುತ್ತಿದ್ದರು. ಹೊಸಬರಿಗೆ ಇಲ್ಲೇ ಎಡವಟ್ಟಾಗುತ್ತಿತ್ತು. ದೊಡ್ಡ ಕುಷನ್ ಎಂದರೆ ಕಡ್ಡಿ ಪೈಲ್ವಾನ್, ಜೋರು ಗಾಳಿ ಬಂದರೆ ಬಾಗಿಲು ಹಿಡಿದುಕೊಳ್ಳಬೇಕಾದ ಆಳು. ಚಿಕ್ಕ ಕುಷನ್ ಆರಡಿ ಎತ್ತರ, ಅದಕ್ಕೆ ತಕ್ಕ ಹೊಟ್ಟೆ. ಮೂವರು ಕೂರುವ ಸೋಫಾದಲ್ಲಿ ಅವನೊಬ್ಬ ಕೂತರೆ ಇನ್ನೊಬ್ಬರಿಗೆ ಮಾತ್ರ ಜಾಗ ಉಳಿಯುತ್ತಿತ್ತು. ವಯಸ್ಸಿನ ಲೆಕ್ಕದಲ್ಲಿ ಒಬ್ಬ ಹಿರಿಯ, ಒಬ್ಬ ಕಿರಿಯ, ಅದರಿಂದ ಬಂದ ಹೆಸರು, ಅಷ್ಟೆ.

ಅಂಗಡಿಯನ್ನು ಬಾಡಿಗೆಗೆ ಹಿಡಿದ ದಿನ ಮಾಲೀಕರು "ನೀವಿಬ್ರು ಏನಾಗ್ಬೇಕು?" ಎಂದು ಕೇಳಿದ್ದರು. "ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು" ಎಂದು ದೊಡ್ಡ ಕುಷನ್ ಸುಳ್ಳನ್ನು ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳಿಬಿಟ್ಟ. ಅಂದಿನಿಂದ ಬೀದಿಗೆಲ್ಲ ಅದೇ ಸತ್ಯ. ಪಕ್ಕದ ಪುಸ್ತಕ-ಪೆನ್ನಿನ ಅಂಗಡಿಯಾಕೆಗೆ ಮಾತ್ರ ಅದನ್ನು ನುಂಗುವುದು ಕಷ್ಟವಾಗಿತ್ತು. "ದಾಯಾದಿಗಳು ಅಂದ್ಮೇಲೆ ಒಂದಿನಾನಾದ್ರೂ ಜಗಳ ಆಡ್ಬೇಕಪ್ಪ. ನಮ್ಮನೇಲಿ ನೋಡಿ, ಮೊಣಕಾಲೆತ್ತರದ ಗೋಡೆಗೆ ಕೋರ್ಟು ಹತ್ತಿದ್ದಾರೆ. ನೀವು ಯಾವ ಸೀಮೆ ದಾಯಾದಿಗಳ್ರೀ?" ಎನ್ನುತ್ತಿದ್ದಳು. "ಆಸ್ತಿ ಇದ್ರೆ ತಾನೇ ಅಮ್ಮ ಜಗಳ, ಇರೋದು ಒಂದು ಸುತ್ತಿಗೆ" ಎಂದು ದೊಡ್ಡ ಕುಷನ್ ನಗುತ್ತಿದ್ದ. ಚಿಕ್ಕ ಕುಷನ್ ನಗುತ್ತಿರಲಿಲ್ಲ. ಅವನ ಬಾಯಿತುಂಬ ಮೊಳೆ ಇರುತ್ತಿತ್ತು, ಆ ಕೆಲಸದವರು ಚಿಕ್ಕ ಮೊಳೆಗಳನ್ನು ಬಾಯಲ್ಲಿಟ್ಟುಕೊಂಡು ಒಂದೊಂದಾಗಿ ತೆಗೆದು ಹೊಡೆಯುತ್ತಾರೆ. ಯಾರಾದರೂ ಮಾತಿಗೆ ಬಂದರೆ ಅವನು ಒಂದು ಹಿಡಿ ಮೊಳೆ ಹೆಚ್ಚಾಗಿಯೇ ತುಂಬಿಕೊಳ್ಳುತ್ತಿದ್ದ.

ಅವರು ದಾಯಾದಿಗಳಲ್ಲ, ನೆಂಟರೂ ಅಲ್ಲ. ಗಂಡ ಹೆಂಡತಿ ಹೇಗಿರುತ್ತಾರೋ ಹಾಗಿದ್ದರು. ಪ್ರಾಯದಲ್ಲಿ ಇಬ್ಬರೂ ಬಸ್ಸಿನ ಸೀಟು ಹೊಲಿಯುವ ಒಂದು ಕಾರ್ಖಾನೆಯಲ್ಲಿದ್ದರು. ಒಂದೇ ಸೀಟಿನ ಎರಡು ತುದಿ ಹಿಡಿದು ರೆಕ್ಸಿನ್ ಎಳೆಯುವ ಕೆಲಸ, ಒಬ್ಬ ಎಷ್ಟು ಎಳೆದನೋ ಇನ್ನೊಬ್ಬನೂ ಅಷ್ಟೇ ಎಳೆಯಬೇಕು, ಇಲ್ಲದಿದ್ದರೆ ಸುಕ್ಕು ಬೀಳುತ್ತದೆ. ಆ ಎಳೆದಾಟದಲ್ಲೇ ಆಗಿದ್ದು ಇದೆಲ್ಲ. ಆಮೇಲೆ ಸ್ವಂತ ಅಂಗಡಿ, ಅದರ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಹೊರಗೆ "ಅಣ್ಣ", "ತಮ್ಮ". ಷಟರ್ ಎಳೆದ ಮೇಲೆ "ಲೋ", "ಏನೋ".

ಮನೆಯವರು ಸುಮ್ಮನಿರುತ್ತಾರೆಯೇ? ಚಿಕ್ಕ ಕುಷನ್ನಿನ ತಾಯಿ ಅವನ ಕೈಕಾಲು ಕಟ್ಟಿ ಒಂದು ಸಲ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದಳು. ಇವನು ಹೋಗಿ ಕೂತ, ತಲೆ ಎತ್ತಲಿಲ್ಲ, ಹುಡುಗಿ ಬಂದಳು, ಹೋದಳು. ಕೊನೆಗೆ ಹುಡುಗಿಯ ಅಪ್ಪ "ಏನಾದ್ರೂ ಕೇಳೋದಿದ್ರೆ ಕೇಳಪ್ಪ" ಎಂದಾಗ ಇವನು ಬಾಯಿ ಬಿಟ್ಟು "ಈ ಸೋಫಾದ ಎಡಗಡೆ ಸ್ಪ್ರಿಂಗ್ ಹೋಗಿದೆ" ಎಂದ. ಹೆಣ್ಣು ನೋಡೋಕೆ ಹೋದವನು ಸೋಫಾ ನೋಡಿಕೊಂಡು ಬಂದ ಎಂದು ನೆಂಟರೆಲ್ಲ ವರ್ಷಗಟ್ಟಲೆ ಆಡಿಕೊಂಡು ನಕ್ಕರು. ಒಳ್ಳೆಯದೇ ಆಯಿತು, ಮತ್ತೆ ಯಾರೂ ಕರೆಯಲಿಲ್ಲ.

ಆದರೆ ಅವನ ಹೆದರಿಕೆ ಹೋಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ದೊಡ್ಡ ಕುಷನ್ ಹಾಗಲ್ಲ. ವಯಸ್ಸಾದ ಮೇಲೆ ಅವನು ಎಲ್ಲಿಂದಲೋ ತಮ್ಮಂಥವರ ಗುಂಪೊಂದನ್ನು ಹುಡುಕಿಕೊಂಡ. ಗಂಡಸನ್ನು ಮೆಚ್ಚಿದ ಗಂಡಸರು, ಹೆಂಗಸನ್ನು ಮೆಚ್ಚಿದ ಹೆಂಗಸರು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಿದ ಒಬ್ಬಾಕೆ. ಎಲ್ಲರದೂ ಅರವತ್ತು ದಾಟಿದ ತಲೆ. ಆ ಒಬ್ಬಾಕೆ ಪಾರ್ಲರ್ ನಡೆಸುತ್ತಿದ್ದಳು, ಎಲ್ಲರಿಗೂ ಪಾರ್ಲರ್ ಅಕ್ಕ. ಭಾನುವಾರ ಮಧ್ಯಾಹ್ನ ಪಾರ್ಲರಿನ ಬಾಗಿಲು ಹಾಕಿ, ಕೂದಲು ಕತ್ತರಿಸುವ ಕುರ್ಚಿಗಳಲ್ಲಿ ಕೂತು, ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ಹರಟುತ್ತಿದ್ದರು. ಮಂಡಿನೋವು, ಹಲ್ಲುನೋವು, ಹಳೆಯ ಪ್ರೇಮದ ಕಥೆ, ಯಾರ ಅಣ್ಣನ ಮಗ ಮನೆ ಬರೆಸಿಕೊಂಡ ಎನ್ನುವ ಸುದ್ದಿ. "ನೀನೂ ಬಾರೋ" ಎಂದು ದೊಡ್ಡ ಕುಷನ್ ಕರೆದು ಕರೆದು ಸಾಕಾದ. "ನಮಗೆ ನಾವಿದ್ದೀವಿ. ಊರ ಉಸಾಬರಿ ಕಟ್ಕೊಂಡು ಏನಾಗ್ಬೇಕು?" ಎಂದು ಇವನು. ಅವನನ್ನು ಪಾರ್ಲರಿನ ಬೀದಿ ತಿರುವಿನವರೆಗೆ ಬಿಟ್ಟು, ಸ್ಪಂಜಿನ ಗೋದಾಮಿಗೆ ಹೋಗಿ ಸುಮ್ಮನೆ ಸ್ಪಂಜು ಒತ್ತಿ ನೋಡಿಕೊಂಡು ಬರುತ್ತಿದ್ದ.

ಆ ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ಹಿಂದೆ ಅವರಲ್ಲೊಬ್ಬ ನಕ್ಷೆ ಬರೆಯುವವನು ಒಂಟಿಯಾಗಿದ್ದು, ಒಂಟಿಯಾಗಿ ಸತ್ತು, ವಾಸನೆ ಬಂದ ಮೇಲೆ ಊರಿಗೆ ತಿಳಿದಿತ್ತು. ಅವತ್ತಿನಿಂದ ಸರಪಳಿ ಶುರು. ಬೆಳಿಗ್ಗೆ ಎದ್ದ ಕೂಡಲೆ ಒಬ್ಬರು ಇನ್ನೊಬ್ಬರಿಗೆ ಒಂದು ಮಿಸ್ ಕಾಲ್ ಕೊಡಬೇಕು, ಅವರು ಮುಂದಿನವರಿಗೆ, ಅವರು ಅದರ ಮುಂದಿನವರಿಗೆ, ಹೀಗೆ ಸುತ್ತಿ ಮೊದಲಿನವರಿಗೆ. ಯಾರೂ ಎತ್ತಬಾರದು, ಮಾತಾಡಬಾರದು. ಎಷ್ಟೋ ಜನ ಮಕ್ಕಳ ಮನೆಯಲ್ಲಿ, ತಮ್ಮನ ಮನೆಯಲ್ಲಿ ಇದ್ದವರು, ಮಾತಾಡಿದರೆ "ಯಾರದು ಫೋನು?" ಎಂದು ಮೂಗು ತೂರಿಸುವವರು ಇದ್ದೇ ಇರುತ್ತಾರೆ. ಹಿಂದಿನವರ ಫೋನು ಬರಲಿಲ್ಲವೆಂದರೆ ಮುಂದಿನವರಿಗೆ ಬಾರಿಸಿ, ಸೀದಾ ಹಿಂದಿನವರ ಮನೆಗೆ ಹೋಗಿ ಬಾಗಿಲು ತಟ್ಟಬೇಕು. ಯಾರಾದರೂ ಕೇಳಿದರೆ "ಬಾಡಿಗೆಗೆ ಮನೆ ಇದೆಯಾ?" ಎನ್ನಬೇಕು. ಹಲ್ಲಿಲ್ಲದ ಮುದುಕರು ಬೆಳಗಾಗೆದ್ದು ಬಾಡಿಗೆ ಮನೆ ಹುಡುಕುವುದನ್ನು ನಂಬುವ ಜನರೂ ಇದ್ದರು, ಅದು ಅವರ ಪುಣ್ಯ.

ಟೈಪಿಂಗ್ ಅಮ್ಮ ದೊಡ್ಡ ಕುಷನ್‌ಗೆ ಬಾರಿಸುತ್ತಿದ್ದಳು. ಅವಳು ಟೈಪಿಂಗ್ ಕಲಿಸುವ ಶಾಲೆ ನಡೆಸಿ ನಿವೃತ್ತಳಾದವಳು, ತಮ್ಮನ ಮಗನ ಮನೆಯ ಮಹಡಿಯಲ್ಲಿ ಒಂದು ಕೋಣೆಯಲ್ಲಿದ್ದಳು. ದೊಡ್ಡ ಕುಷನ್ ಒಬ್ಬ ನಿವೃತ್ತ ಬಸ್ ಕಂಡಕ್ಟರನಿಗೆ ಬಾರಿಸುತ್ತಿದ್ದ. ಮಂಡಿ ಹಿಡಿದುಕೊಂಡು ಕೊನೆಯ ತಿಂಗಳುಗಳಲ್ಲಿ ದೊಡ್ಡ ಕುಷನ್ ಭಾನುವಾರ ಪಾರ್ಲರಿಗೆ ಹೋಗುವುದು ನಿಂತಿತು. ಸರಪಳಿ ಮಾತ್ರ ನಿಲ್ಲಲಿಲ್ಲ. ಹಾಸಿಗೆಯಲ್ಲೇ ಕೂತು ಫೋನು ಒತ್ತಿ, "ಎದ್ದಿದ್ದೀನಿ ಕಣಯ್ಯಾ" ಎಂದು ಗೋಡೆಗೆ ಹೇಳುತ್ತಿದ್ದ.

ಅಂಥವನು ಒಂದು ಬೆಳಿಗ್ಗೆ ಫೋನು ಒತ್ತಿ ಇಟ್ಟ ಮೇಲೆ ಎದೆ ಹಿಡಿದುಕೊಂಡ. ಆಂಬುಲೆನ್ಸ್ ಬಂತು. ಚಿಕ್ಕ ಕುಷನ್ನೇ ಜೊತೆಗೆ ಹೋದ, ಅವನೇ ದೊಡ್ಡ ಕುಷನ್ನಿನ ಅಕ್ಕನಿಗೆ ತಿಳಿಸಿದ. ಅಕ್ಕ, ಅಕ್ಕನ ಮಗ ಬಂದ ಮೇಲೆ ಆಸ್ಪತ್ರೆಯವರು ಇವನನ್ನು ಒಳಗೆ ಬಿಡಲಿಲ್ಲ. "ರಕ್ತಸಂಬಂಧಿಗಳು ಮಾತ್ರ" ಎಂದರು. ದಾಯಾದಿ ಎನ್ನುವ ಹಳೆಯ ಸುಳ್ಳನ್ನಾದರೂ ಹೇಳಬಹುದಿತ್ತು. ಆದರೆ ಅಕ್ಕನ ಎದುರು ಅದು ನಡೆಯುತ್ತದೆಯೇ? ಹೊರಗೆ ಬೆಂಚಿನ ಮೇಲೆ ಕೂತ. ಅದರ ರೆಕ್ಸಿನ್ ಹರಿದು ನಾರು ಹೊರಬಂದಿತ್ತು, ಇದಕ್ಕೆ ಎಷ್ಟು ಬಟ್ಟೆ ಬೇಕಾಗಬಹುದು ಎಂದು ಲೆಕ್ಕ ಹಾಕುತ್ತ ಕೂತ. ಅದೇ ದಿನ ಮಧ್ಯಾಹ್ನ ಅಕ್ಕನ ಮಗ ಹೊರಗೆ ಬಂದು ಫೋನಿನಲ್ಲಿ ಯಾರಿಗೋ "ಮಾವ ಹೋಗ್ಬಿಟ್ರು" ಎನ್ನುತ್ತ ಇವನ ಮುಂದೆಯೇ ಹಾದುಹೋದ. ಅವನಿಗೆ ಸುದ್ದಿ ಸಿಕ್ಕಿದ್ದು ಹಾಗೆ.

ಅಕ್ಕ ಕೆಟ್ಟವಳಲ್ಲ. ಎಷ್ಟೋ ವರ್ಷ ಡಬ್ಬಿಯಲ್ಲಿ ತಿಂಡಿ ಕಳಿಸಿದರೆ ಇಬ್ಬರಿಗಾಗುವಷ್ಟು ಕಳಿಸಿದವಳು. ಆದರೆ ಆ ದಿನ ಅವಳು ಇವನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದರೆ ನಾಲ್ಕು ಜನರೆದುರು ಏನಾದರೂ ಹೇಳಬೇಕಾಗುತ್ತಿತ್ತಲ್ಲ. ಹೆಣ ಅವಳ ಮನೆಗೆ ಹೋಯಿತು. ಇವನು ಬಾಗಿಲಾಚೆ ಚಪ್ಪಲಿಗಳ ನಡುವೆ ನಿಂತ. ಯಾರೋ ಒಬ್ಬರು ಹತ್ತಿರ ಬಂದು, "ಎಷ್ಟು ವರ್ಷದಿಂದ ಕೆಲಸಕ್ಕಿದ್ರಿ ಇವರ ಹತ್ರ?" ಎಂದು ಮರುಕದಿಂದ ಕೇಳಿದರು. "ತುಂಬಾ ವರ್ಷ" ಎಂದ.

ಅಳು ಬರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದೇಕೆ, ಬರಲಿಲ್ಲ, ಅಷ್ಟೆ. ದುಃಖವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಮನೆಗೆ ಬಂದ, ತಟ್ಟೆ ತೊಳೆದ, ಮಲಗಿದ. ಬೆಳಿಗ್ಗೆ ದೊಡ್ಡ ಕುಷನ್ನಿನ ಫೋನು ಬಡಿದುಕೊಂಡಿತು. ಆಂಬುಲೆನ್ಸ್ ಗಡಿಬಿಡಿಯಲ್ಲಿ ಅದು ಮಂಚದ ಪಕ್ಕದಲ್ಲೇ ಉಳಿದಿತ್ತು. ಒಂದು ಸಲ ಬಡಿದು ನಿಂತಿತು, ಟೈಪಿಂಗ್ ಅಮ್ಮನ ಮಿಸ್ ಕಾಲ್. ಇವನು ಅದನ್ನು ಎತ್ತಿಕೊಂಡ, ಕಂಡಕ್ಟರನ ನಂಬರು ಒತ್ತಿದ, ಒಂದು ಸಲ ಬಡಿದ ಮೇಲೆ ಕತ್ತರಿಸಿದ. ಕೈ ಅದನ್ನು ದಿನಾ ನೋಡಿ ನೋಡಿ ಕಲಿತುಬಿಟ್ಟಿತ್ತು.

ಮರುದಿನವೂ ಹಾಗೇ ಮಾಡಿದ. ಅದರ ಮರುದಿನವೂ.

ತಪ್ಪೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಇವತ್ತು ಹೇಳಬೇಕು ಎಂದುಕೊಳ್ಳುತ್ತಿದ್ದ. ಆದರೆ ಏನೆಂದು ಹೇಳುವುದು? ನಾನು ಯಾರು ಎಂದು ಕೇಳಿದರೆ? ಗುಂಪಿನವರಿಗೆ ದೊಡ್ಡ ಕುಷನ್ನಿನ ಮನೆಯಲ್ಲಿ ಒಬ್ಬ ಇದ್ದಾನೆ ಎಂದಷ್ಟೇ ಗೊತ್ತು, ಇವನ ಮುಖ ಕಂಡವಳು ಟೈಪಿಂಗ್ ಅಮ್ಮ ಒಬ್ಬಳೇ. ಅವಳ ಸೋಫಾಕ್ಕೆ ಹೊಸ ಬಟ್ಟೆ ಹಾಕಿ ಮಹಡಿಗೆ ಹೊತ್ತುಕೊಂಡು ಹೋದದ್ದು ಇವರಿಬ್ಬರೇ. ಹೇಳಿದರೆ ಫೋನು ನಿಲ್ಲುತ್ತದೆ. ದಿನದಲ್ಲಿ ಅವನ ಕೈಯಿಂದ ಆಗಬೇಕಾಗಿದ್ದ ಕೆಲಸ ಅದೊಂದೇ ಉಳಿದಿತ್ತು. ಅಂಗಡಿ ತೆಗೆಯುತ್ತಿದ್ದ ನಿಜ, ಹಳೆಯ ಮೊಳೆ ಕೀಳುತ್ತಿದ್ದ, ಸ್ಪ್ರಿಂಗು ಕಟ್ಟುತ್ತಿದ್ದ, ಸೋಫಾದ ಸಂದಿನಲ್ಲಿ ಸಿಕ್ಕ ಬಾಚಣಿಗೆ, ಹೇರ್‌ಪಿನ್ನು, ಹರಿದ ಟಿಕೆಟ್ಟುಗಳನ್ನು ಡಬ್ಬಿಗೆ ಹಾಕುತ್ತಿದ್ದ. ರೆಕ್ಸಿನ್ನಿನ ಇನ್ನೊಂದು ತುದಿ ಹಿಡಿಯುವವರಿಲ್ಲದೆ ಅದನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ ಎಳೆಯುತ್ತಿದ್ದ, ಸುಕ್ಕು ಬೀಳುತ್ತಿತ್ತು. "ಅಣ್ಣನ್ನ ಕಳ್ಕೊಂಡ್ರಿ ಪಾಪ" ಎಂದು ಪಕ್ಕದಂಗಡಿಯಾಕೆ ಹೇಳಿದರೆ "ಹೂಂ" ಎನ್ನುತ್ತಿದ್ದ. ಹೀಗೇ ಎರಡು ತಿಂಗಳ ಹತ್ತಿರ ಕಳೆಯಿತು.

ಆಮೇಲೆ ಒಂದು ಬೆಳಿಗ್ಗೆ ಫೋನು ಬಡಿಯಲಿಲ್ಲ.

ಅವನು ಹಾಸಿಗೆಯ ತುದಿಯಲ್ಲಿ ಕೂತೇ ಇದ್ದ. ಎದ್ದು ಚಹಾಕ್ಕಿಟ್ಟ, ಬಂದು ನೋಡಿದ, ಇಲ್ಲ. ಚಹಾ ಉಕ್ಕಿ ಒಲೆಯೆಲ್ಲ ಆಯಿತು. ಒರೆಸಿದ. ಇನ್ನೂ ಇಲ್ಲ. ಮುದುಕಿಗೆ ನಿದ್ದೆ ಬಂದಿರಬೇಕು ಎಂದುಕೊಂಡ. ಇದು ನನ್ನ ಸರಪಳಿ ಅಲ್ಲ, ನಾನು ಆ ಗುಂಪಿಗೆ ಸೇರಿದವನಲ್ಲ ಎಂದುಕೊಂಡ. ಯಾರಾದರೂ ಹೋಗಿಯೇ ಹೋಗುತ್ತಾರೆ ಎಂದುಕೊಂಡ.

ಯಾರು ಹೋಗುತ್ತಾರೆ? ಅವಳ ಫೋನು ಬರುವುದು ಇದೊಂದಕ್ಕೆ. ಬರಲಿಲ್ಲವೆಂದು ತಿಳಿಯುವುದೂ ಇಲ್ಲಿ ಮಾತ್ರ. ದೊಡ್ಡ ಕುಷನ್ ಇದ್ದಾನೆ, ಅವನು ಹೋಗುತ್ತಾನೆ ಎಂದು ಉಳಿದವರೆಲ್ಲ ನೆಮ್ಮದಿಯಿಂದ ಚಹಾ ಕುಡಿಯುತ್ತಿರುತ್ತಾರೆ. ಅಯ್ಯೋ ದೇವರೇ, ಸತ್ತವನನ್ನು ನಂಬಿಕೊಂಡು ಒಂದು ಜೀವ ಅಲ್ಲಿ ಬಿದ್ದಿದ್ದರೆ? ಹೇಳಬೇಕಾದದ್ದನ್ನು ಮೊದಲ ದಿನವೇ ಹೇಳಿದ್ದರೆ ಸರಪಳಿಯಲ್ಲಿ ಅವಳ ಮುಂದೆ ಬದುಕಿದವರು ಯಾರಾದರೂ ಇರುತ್ತಿದ್ದರು. ಷಟರನ್ನು ಅರ್ಧ ಎತ್ತಿ, ಅದರಡಿ ನುಸುಳಿ, ಅದನ್ನು ಹಾಗೇ ಬಿಟ್ಟು ಬಸ್ಸಿಗೆ ಓಡಿದ. ಆ ಮೈಯಲ್ಲಿ ಅವನು ಓಡಿದ್ದನ್ನು ಬೀದಿ ಅದೇ ಮೊದಲು ಕಂಡಿತು.

ಗೇಟು ತೆಗೆದದ್ದು ಟೈಪಿಂಗ್ ಅಮ್ಮನ ತಮ್ಮನ ಸೊಸೆ. ಒಳಗೆ ಮಿಕ್ಸಿ ಗರಗರ ಎನ್ನುತ್ತಿತ್ತು, ಟಿವಿಯೂ ಕೂಗುತ್ತಿತ್ತು. ಬಾಡಿಗೆ ಮನೆಯ ಮಾತು ಅವನಿಗೆ ನೆನಪಾಗಲಿಲ್ಲ.

"ಸೋಫಾ ರಿಪೇರಿಯವನು. ಅಮ್ಮನ್ನ ನೋಡ್ಬೇಕಿತ್ತು."

"ಅತ್ತೆ ಇನ್ನೂ ಎದ್ದಿಲ್ಲ ಅನ್ಸುತ್ತೆ. ಆಮೇಲೆ ಬನ್ನಿ."

"ಎದ್ದಿಲ್ಲ ಅಂತ ನೋಡಿದ್ರಾ?"

ಅವಳು ಹುಬ್ಬೇರಿಸಿದಳು. ಅವನು ಕಾಯಲಿಲ್ಲ, ಪಕ್ಕದ ಮೆಟ್ಟಿಲು ಹತ್ತಿದ. ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದ. ಒಳಗಿಂದ ಒಂದು ಸಣ್ಣ ಸದ್ದು. ಚಿಲಕ ಹಳೆಯದು, ಮೂರು ಮೊಳೆಯ ಮೇಲೆ ನಿಂತಿದ್ದು. ಭುಜ ಕೊಟ್ಟು ಒಂದು ಸಲ ನೂಕಿದ್ದಕ್ಕೆ ಕಿತ್ತು ಬಂತು. ಹೊಟ್ಟೆಯೂ ಒಮ್ಮೊಮ್ಮೆ ಕೆಲಸಕ್ಕೆ ಬರುತ್ತದೆ.

ಬಚ್ಚಲುಮನೆಯ ಹೊಸ್ತಿಲ ಹತ್ತಿರ ಅವಳು ನೆಲದ ಮೇಲಿದ್ದಳು. ಒಂದು ಕಾಲು ಹೊರಕ್ಕೆ ತಿರುಗಿತ್ತು. ಕಣ್ಣು ತೆರೆದೇ ಇತ್ತು. ಫೋನು ಮೇಜಿನ ಮೇಲೆ, ಕೈಗೆ ಸಿಗದ ಕಡೆ.

"ಬಂದ್ಯಾ" ಎಂದಳು. ಗಂಟಲು ಒಣಗಿತ್ತು. "ಕೂಗಿ ಕೂಗಿ ಸಾಕಾಯ್ತು, ಆ ಟಿವಿಲಿ ಯಾರಿಗೆ ಕೇಳುತ್ತೆ. ಆದ್ರೆ ನಾನು ಹೆದರ್ಲಿಲ್ಲ. ನನ್ನ ಫೋನು ಹೋಗ್ಲಿಲ್ಲ ಅಂದ್ರೆ ದೊಡ್ಡ ಕುಷನ್ ಬಂದೇ ಬರ್ತಾನೆ ಅಂತ ಗೊತ್ತಿತ್ತು."

ಅವನು ಲೋಟದಲ್ಲಿ ನೀರು ತಂದು ತುಟಿಗೆ ಹಿಡಿದ. ಹಿಂದೆಯೇ ಓಡಿ ಬಂದಿದ್ದ ಸೊಸೆ "ಅಯ್ಯೋ ಅತ್ತೆ!" ಎಂದು ಬಾಯಿ ಮುಚ್ಚಿಕೊಂಡು, ಆಂಬುಲೆನ್ಸಿಗೆ ಫೋನು ಮಾಡಲು ಕೆಳಗೆ ಓಡಿದಳು. ಟೈಪಿಂಗ್ ಅಮ್ಮ ಇವನ ಮುಖ ನೋಡಿದಳು.

"ಅವನೆಲ್ಲಿ? ಮಂಡಿ ಅಂತ ನಿನ್ನ ಕಳಿಸಿದ್ನಾ? ಭಾನುವಾರ ಬರೋಕೆ ಮಂಡಿನೋವು, ಮೆಟ್ಟಿಲು ಹತ್ತೋಕೆ ಮಂಡಿನೋವು. ಬರ್ಲಿ, ಮಾಡ್ತೀನಿ ಅವನಿಗೆ."

ಇವನು ಲೋಟ ಕೆಳಗಿಟ್ಟ. ಬಾಯಲ್ಲಿ ಮೊಳೆ ಇರಲಿಲ್ಲ, ತಪ್ಪಿಸಿಕೊಳ್ಳಲು ಏನೂ ಇರಲಿಲ್ಲ.

"ಅವನು ಹೋದ ಅಮ್ಮ."

"ಎಲ್ಲಿಗೆ?"

"ತೀರ್ಕೊಂಡ. ಎರಡು ತಿಂಗಳಾಯ್ತು."

ಅವಳು ಅವನನ್ನೇ ನೋಡುತ್ತಿದ್ದಳು. "ನಿನ್ನೆ ಸರಪಳಿ ಸುತ್ತಿ ಬಂತಲ್ಲ" ಎಂದಳು. "ಕಂಡಕ್ಟರಿಗೆ ಫೋನು ಹೋಯ್ತಲ್ಲ."

"ನಾನು ಮಾಡ್ತಿದ್ದೆ."

"ದಿನಾ?"

"ದಿನಾ."

ಅವಳು ಬಿದ್ದಲ್ಲಿಂದಲೇ ಕೈ ಎತ್ತಿ ಅವನ ತೊಡೆಗೆ ಬಾರಿಸಿದಳು. ಮೂವತ್ತು ವರ್ಷ ಟೈಪ್ ಹೊಡೆದ ಕೈ, ನೋವಾಯಿತು. ಇನ್ನೊಂದು ಸಲ ಬಾರಿಸಿದಳು. "ಪಾಪಿ! ನಮಗೆ ಒಂದು ಮಾತು ಹೇಳ್ಬಾರ್ದಾ? ಮುಖ ನೋಡ್ತಿರ್ಲಿಲ್ವಾ ನಾವು? ಹೇಗೆ ಹೋದ? ಕೊನೇಲಿ ಏನಂದ?"

"ಗೊತ್ತಿಲ್ಲ. ನನ್ನ ಒಳಗೆ ಬಿಡ್ಲಿಲ್ಲ."

ಟೈಪಿಂಗ್ ಅಮ್ಮ ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಆ ಕೈಯಲ್ಲೇ ಅವನ ಅಂಗಿಯನ್ನು ಹಿಡಿದುಕೊಂಡು ಅತ್ತಳು. ಸೊಂಟದ ನೋವಿಗೋ ಸತ್ತವನಿಗೋ ಎಂದು ಕೇಳುವಂತಿರಲಿಲ್ಲ, ಎರಡಕ್ಕೂ ಇರಬೇಕು. ಅಳುತ್ತಲೇ ಬೈದಳು. "ನಿನ್ನ ಗಂಡ ಸತ್ತಿದ್ದಾನಲ್ಲೋ. ಗಂಡ ಸತ್ತಿದ್ದಾನೆ, ಅಳೋದು ಬಿಟ್ಟು ಫೋನ್ ಒತ್ಕೊಂಡು ಕೂತಿದ್ಯಲ್ಲೋ."

ಬಾಗಿಲಲ್ಲಿ ಸೊಸೆ ನಿಂತಿದ್ದಳು. ಆಂಬುಲೆನ್ಸ್ ಬರುತ್ತಿದೆ ಎಂದು ಹೇಳಲು ಬಂದವಳು ಅಲ್ಲೇ ನಿಂತುಬಿಟ್ಟಿದ್ದಳು. ಅವಳು ಕೇಳಿಸಿಕೊಂಡಳು ಎಂದು ಅವನಿಗೆ ಗೊತ್ತಾಯಿತು. ಜೀವಮಾನವಿಡೀ ಈ ಮಾತು ಯಾರ ಕಿವಿಗೆ ಬೀಳಬಾರದೆಂದು ಅವನು ಹೆದರಿದ್ದನೋ ಅದು ಹಾಡುಹಗಲಲ್ಲಿ ಒಬ್ಬ ಅಪರಿಚಿತ ಹೆಂಗಸಿನ ಕಿವಿಗೆ ಬಿತ್ತು. ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದ. ಬೀಳಲಿಲ್ಲ. ಆಕೆ ಅವನನ್ನೂ ಅತ್ತೆಯನ್ನೂ ಒಂದು ಸಲ ನೋಡಿ, "ತಲೆ ಕೆಳಗೆ ದಿಂಬು ಇಡ್ಲಾ?" ಎಂದಳು.

"ಬೇಡ, ಅಲ್ಲಾಡಿಸ್ಬೇಡಿ" ಎಂದು ಅವನು ಹೇಳಿದ.

ಸ್ಟ್ರೆಚರಿನಲ್ಲಿ ಇಳಿಸುವಾಗ ಟೈಪಿಂಗ್ ಅಮ್ಮ ಅವನನ್ನು ಕರೆದಳು. "ಹೋಗಿ ಎಲ್ರಿಗೂ ಹೇಳು. ನಿನ್ನ ಬಾಯಲ್ಲೇ ಹೇಳ್ಬೇಕು. ನಾನು ಹೇಳಲ್ಲ."

ಬಸ್ಸಿನಲ್ಲಿ ಕೂತ ಮೇಲೆ ಅವನಿಗೆ ಹೊಳೆಯಿತು, ಓಡುವ ಗಡಿಬಿಡಿಯಲ್ಲಿ ಕಂಡಕ್ಟರನಿಗೆ ಮಿಸ್ ಕಾಲ್ ಕೊಟ್ಟೇ ಇರಲಿಲ್ಲ. ಕಟ್ಟಳೆಯ ಅರ್ಧ ಮರೆತಿತ್ತು.

ಅಂಗಡಿಗೆ ಬಂದಾಗ ಅರ್ಧ ಎತ್ತಿದ್ದ ಷಟರು ಪೂರ್ತಿ ಮೇಲಕ್ಕೆ ಹೋಗಿತ್ತು. ಒಳಗೆ ಏಳೆಂಟು ಜನ ಮುದುಕ ಮುದುಕಿಯರು ಗಿರಾಕಿಗಳ ಸೋಫಾಗಳ ಮೇಲೆ ಕೂತಿದ್ದರು. ಬಟ್ಟೆ ಬಿಚ್ಚಿದ ಸೋಫಾದ ಬರೀ ಪಟ್ಟಿಗಳ ಮೇಲೆ ಒಬ್ಬರು, ಸ್ಪಂಜಿನ ರಾಶಿಯ ಮೇಲೆ ಒಬ್ಬರು. ಬಾಗಿಲ ಹತ್ತಿರ ಖಾಕಿ ಬಣ್ಣದ ಸ್ವೆಟರಿನವನು ಕಂಡಕ್ಟರ್ ಇರಬೇಕು. ಒಪ್ಪವಾಗಿ ಹುಬ್ಬು ತೀಡಿಕೊಂಡಿದ್ದ ಎತ್ತರದ ಹೆಂಗಸು ಪಾರ್ಲರ್ ಅಕ್ಕ. ಫೋನು ಬರಲಿಲ್ಲವೆಂದು ಕಂಡಕ್ಟರ್ ಕಟ್ಟಳೆಯ ಪ್ರಕಾರ ಬಂದು, ಪಕ್ಕದಂಗಡಿಯಾಕೆಯನ್ನು ಬಾಡಿಗೆ ಮನೆ ಕೇಳಿದ್ದ. ಮನೆಯ ಮಾತು ಮುಗಿಯುವಷ್ಟರಲ್ಲಿ ಆಕೆ ದೊಡ್ಡಣ್ಣ ತೀರಿಕೊಂಡ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದಳು. ಉಳಿದವರನ್ನು ಅವನೇ ಕರೆಸಿದ್ದ.

ಇವನನ್ನು ಕಂಡು ಎಲ್ಲರೂ ಎದ್ದು ನಿಂತರು. ಎಲ್ಲರ ಮಂಡಿಯೂ ಹಾಳಾದದ್ದು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಏಳುವುದಕ್ಕೆ ಸ್ವಲ್ಪ ಹೊತ್ತೇ ಆಯಿತು.

"ಟೈಪಿಂಗ್ ಅಮ್ಮ ಬಿದ್ದಿದ್ರು. ಸೊಂಟದ ಮೂಳೆ ಇರ್ಬೇಕು. ಆಸ್ಪತ್ರೆಗೆ ಸೇರ್ಸಿದ್ದಾರೆ, ಮಾತಾಡ್ತಿದ್ದಾರೆ" ಎಂದ. ಆಮೇಲೆ ಹೇಳಿದ. "ದೊಡ್ಡ ಕುಷನ್ ತೀರ್ಕೊಂಡ. ಇಷ್ಟು ದಿನ ಫೋನ್ ಮಾಡಿದ್ದು ನಾನು. ನಾನು ಅವನ ಜೊತೆಗಿದ್ದವನು."

"ಗೊತ್ತು ನೀನು ಯಾರು ಅಂತ" ಎಂದ ಕಂಡಕ್ಟರ್. "ದಿನಾ ಬೆಳಿಗ್ಗೆ ನಿನ್ನ ಫೋನ್ ಬಂದ್ರೆ ಏನಂತಿದ್ದೆ ಗೊತ್ತಾ ನಾನು? 'ಎದ್ನಪ್ಪ ಮುದುಕ, ಗಟ್ಟಿ ಪಿಂಡ' ಅಂತ ನಗ್ತಿದ್ದೆ. ಸತ್ತೋನಿಗೆ ನಗ್ತಾ ಇದ್ನಲ್ಲೋ. ನನ್ನ ಕೈಲಿ ಸುಳ್ಳು ಫೋನು ಮುಂದಕ್ಕೆ ದಾಟಿಸ್ದೆಯಲ್ಲೋ. ನಿಂಗೆ ಒಬ್ಬಂಗೇನಾ ಅವನು?"

ಯಾರೂ ಕಂಡಕ್ಟರನನ್ನು ತಡೆಯಲಿಲ್ಲ. ಅವನು ಹೇಳಿದ್ದು ನ್ಯಾಯವೇ ಆಗಿತ್ತು.

"ತಪ್ಪಾಯ್ತು" ಎಂದ ಚಿಕ್ಕ ಕುಷನ್.

ಪಾರ್ಲರ್ ಅಕ್ಕ ಹತ್ತಿರ ಬಂದಳು. "ನೀನು ಅತ್ಯಾ?"

"ಇಲ್ಲ ಅಕ್ಕ. ಬರ್ತಾ ಇಲ್ಲ."

"ಹೋಗ್ಲಿ ಬಿಡು. ಬಂದಾಗ ಬರುತ್ತೆ. ಕೂತ್ಕೋ." ಅವನನ್ನು ಸೋಫಾದಲ್ಲಿ ಕೂರಿಸಿದಳು. ಎಲ್ಲರೂ ಮತ್ತೆ ನಿಧಾನವಾಗಿ ಕೂತರು.

ಕಂಡಕ್ಟರ್ ಮೂಗು ಒರೆಸಿಕೊಂಡ. ಸಿಟ್ಟು ಇಳಿದಿರಲಿಲ್ಲ, ಆದರೂ ಕೆಲಸದ ಮಾತಿಗೆ ಬಂದ. "ಟೈಪಿಂಗ್ ಅಮ್ಮ ವಾಪಸ್ ಬರೋವರೆಗೂ ನಾಳೆಯಿಂದ ನಿಂಗೆ ನಾನು ಬಾರಿಸ್ತೀನಿ. ನೀನು ಅಕ್ಕಂಗೆ ಬಾರ್ಸು. ನಂಬರ್ ಹೇಳು."

ಚಿಕ್ಕ ಕುಷನ್ ಜೇಬಿನಿಂದ ಫೋನು ತೆಗೆದ.

"ಅದಲ್ಲ. ಅದು ಅವನದ್ದು. ನಿನ್ನ ನಂಬರ್."

ಅವನಿಗೆ ತನ್ನ ನಂಬರು ಗೊತ್ತಿರಲಿಲ್ಲ. ಗೊತ್ತಿರಬೇಕಾದ ಪ್ರಮೇಯವೇ ಬಂದಿರಲಿಲ್ಲ, ಅದಕ್ಕೆ ಫೋನು ಮಾಡುತ್ತಿದ್ದವನು ಒಬ್ಬನೇ. ಎಲ್ಲಿದೆ ಎಂದು ಹುಡುಕಬೇಕಾಯಿತು. ಸೂಜಿ ದಾರದ ಡ್ರಾಯರಿನ ತಳದಲ್ಲಿ ಸಿಕ್ಕಿತು, ಚಾರ್ಜು ಸತ್ತುಹೋಗಿತ್ತು. ಎರಡು ತಿಂಗಳಿಂದ ಅದು ಸತ್ತೇ ಇತ್ತು, ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ಯಾರೋ ಪ್ಲಗ್ಗಿಗೆ ಸಿಕ್ಕಿಸಿದರು. ಅಷ್ಟೂ ಜನ ಅದರ ಸುತ್ತ ಬಗ್ಗಿ ಕಾದರು. ಕೊನೆಗೆ ದೀಪ ಬಂತು. ಕಂಡಕ್ಟರ್ ಬಸ್ಸಿನಲ್ಲಿ ನಿಲ್ದಾಣ ಕೂಗುವ ದನಿಯಲ್ಲಿ ತನ್ನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದ. ಇವನು ದಪ್ಪ ಬೆರಳಿನಿಂದ ಒಂದೊಂದೇ ಒತ್ತಿದ. ಎರಡು ತಿಂಗಳು ಕಣ್ಣು ಮುಚ್ಚಿ ಬಾರಿಸಿದ್ದ ಅದೇ ನಂಬರು.

ಕಂಡಕ್ಟರನ ಜೇಬು ಬಡಿದುಕೊಂಡಿತು. ಅವನು ತೆಗೆದು ನೋಡಿದ, ಹೊಸ ನಂಬರು. ಕತ್ತರಿಸಿದ. "ಬಂತು" ಎಂದ.

ದೊಡ್ಡ ಕುಷನ್ನಿನ ಫೋನು ಸೋಫಾದ ತೋಳಿನ ಮೇಲಿತ್ತು. ನಾಳೆ ಬೆಳಿಗ್ಗೆ ಅದು ಬಡಿಯುವುದಿಲ್ಲ. ಇನ್ನೆಂದೂ ಯಾರೂ ಅದಕ್ಕೆ ಬಾರಿಸುವುದಿಲ್ಲ. ಚಿಕ್ಕ ಕುಷನ್ ಅದನ್ನು ಕೈಗೆತ್ತಿಕೊಂಡ. ಮೊದಲು ಭುಜ ಅಲ್ಲಾಡಿತು, ಆಮೇಲೆ ಹೊಟ್ಟೆ, ಆಮೇಲೆ ಬಾಯಿಂದ ಒಂದು ದನಿ ಹೊರಟಿತು. ಅದು ಅವನದೇ ದನಿ ಎಂದು ಅವನಿಗೇ ಗೊತ್ತಾಗಲಿಲ್ಲ. ನೋವಾಗುತ್ತಿತ್ತು, ಎದೆಯ ಮೂಳೆ ಕಿತ್ತು ಬರುವಷ್ಟು ನೋವಾಗುತ್ತಿತ್ತು. "ನನ್ನ ಬಿಟ್ಟು ಹೋದ್ನಲ್ಲಕ್ಕಾ" ಎಂದ. ಪಾರ್ಲರ್ ಅಕ್ಕ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು.

ಸದ್ದಿಗೆ ಪಕ್ಕದಂಗಡಿಯಾಕೆ ಗಾಬರಿಯಿಂದ ಓಡಿ ಬಂದಳು. "ಏನಾಯ್ತು? ಯಾಕೆ ಹೀಗೆ ಅಳ್ತಿದ್ದಾರೆ?"

"ಇವ್ರ ಮನೇಲಿ ಸಾವಾಗಿದೆಯಮ್ಮ" ಎಂದ ಕಂಡಕ್ಟರ್.

"ಅದು ಆಗಿ ಎರಡು ತಿಂಗಳಾಯ್ತಲ್ಲ?"

"ಇಲ್ಲಮ್ಮ, ಇವತ್ತು" ಎಂದು ಕಂಡಕ್ಟರ್ ಸೋಫಾದಲ್ಲಿ ಸ್ವಲ್ಪ ಸರಿದು ಆಕೆಗೆ ಜಾಗ ಮಾಡಿಕೊಟ್ಟ.